ಮುದಿ ಇಲಿಗಳ ಕಿವಿಯಲ್ಲಿ ನನ್ನ ನೌಕರಿ

ನಾನು ನಿವೃತ್ತನಾದ ಕಿವಿ ಸಂಶೋಧನಾ ಕೇಂದ್ರಕ್ಕೆ ಹಿರೇಕೆರೂರಿನ ಚೈತ್ರಾ ಎಂಬ ಹುಡುಗಿ ಹೊಸದಾಗಿ ಸೇರಿದ್ದಾಳೆ. ನನ್ನ ಹಳೆಯ ಕುರ್ಚಿಯಲ್ಲೇ ಕೂರಿಸಿರುತ್ತಾರೆ, ಪಾಪ. ಮೊನ್ನೆ ಅವಳು ಫೋನ್ ಮಾಡಿ ಏನೋ ಕೇಳಿದಳು. ನಾನು “ಹ್ಞಾಂ? ಏನವಾ?” ಎಂದು ಒಂದೆರಡು ಸಲ ಅಂದೆ. ಈಗಿನ ಹುಡುಗರು ಮಾತನ್ನು ಬಾಯೊಳಗೇ ಅಗಿದು ನುಂಗುತ್ತಾರೆ. ಕೊನೆಗೆ “ಹಾನಗಲ್ಲಾಗ ಸಿಗ್ನಲ್ ಸರಿ ಇಲ್ಲವ್ವಾ, ಬರದು ಕಳಸ್ತೇನಿ ತಗೋ” ಎಂದು ಫೋನ್ ಇಟ್ಟೆ.

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಗಿರಿಜಾ ನಿಂತಿದ್ದಳು. “ಸಿಗ್ನಲ್ ಚಲೋನ ಐತ್ರಿ,” ಎಂದಳು ಗಟ್ಟಿಯಾಗಿ. “ಆ ಹುಡುಗಿ ಮಾತು ನನಗ ಇಲ್ಲೀತನ ಕೇಳಿಸ್ತು. ಈ ಕೆಲಸ ಖರೇ ಹೆಂಗಿರತೈತಿ ಹೇಳ್ರಿ ಸರ, ಅಂತ ಕೇಳಾಕತ್ತಿದ್ಳು. ನೀವು ಒಮ್ಮೆ ಹುಬ್ಬಳ್ಳಿಗೆ ಹೋಗಿ ಕಿವಿ ತೋರಿಸ್ಕೋರಿ.”

ಇದು ನಮ್ಮ ಮನೆಯಲ್ಲಿ ಕೆಲ ಕಾಲದಿಂದ ನಡೆದಿರುವ ಜಗಳ. ಜೀವಮಾನವಿಡೀ ಕಿವಿಯನ್ನೇ ಕೆದಕಿ ಅನ್ನ ತಿಂದವನಿಗೆ ಕಿವಿಯ ಪಾಠ! ನನಗೆ ಎಲ್ಲವೂ ಕೇಳಿಸುತ್ತದೆ. ಜನ ಸ್ಪಷ್ಟವಾಗಿ ಮಾತಾಡುವುದಿಲ್ಲ, ಅಷ್ಟೇ. ಹಾಗೆ ನೋಡಿದರೆ ಗಿರಿಜಾಳ ಮಾತೇ ಈಚೆಗೆ ಕಡಿಮೆಯಾಗಿದೆ. ವಯಸ್ಸಾದಂತೆ ಶಾಂತಳಾಗಿದ್ದಾಳೆ ಎಂದು ನಾನೂ ಸಮಾಧಾನದಲ್ಲಿದ್ದೇನೆ. ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಏನೋ ಹೇಳಿ ಹೋದವಳು ಸಂಜೆಗೆ ಬಂದಳು. ಸಂತೆಗೆ ಹೋಗಿರಬೇಕು ಅಂದುಕೊಂಡೆ. ಕೈಯಲ್ಲಿ ಕಾಯಿಪಲ್ಲೆ ಇರಲಿಲ್ಲ, ಚಹಾದ ಜೊತೆ ತಿನ್ನುವ ಸವಣೂರಿನ ಖಾರದ ಪೊಟ್ಟಣ ಇತ್ತು. ಈಗ ಸವಣೂರು ಖಾರ ಹಾನಗಲ್ಲಿನಲ್ಲೂ ಸಿಗತೊಡಗಿತಲ್ಲ, ಊರು ಸುಧಾರಿಸಿತು ಎಂದು ಪೊಟ್ಟಣ ಖಾಲಿ ಮಾಡಿದೆ.

ಇರಲಿ. ಚೈತ್ರಾ, ಕೆಲಸ ಹೇಗಿರುತ್ತದೆ ಎಂದು ಕೇಳಿದೆಯಲ್ಲ, ಓದಿಕೋ.

ಮೊದಲು ಕೇಂದ್ರದ ಬಗ್ಗೆ. ಶಿಗ್ಗಾವಿ ದಾಟಿ ಸವಣೂರಿನ ದಾರಿ ಹಿಡಿದರೆ ಬೇಲಿಯೊಳಗೆ ಕಾಣುವ ಆ ಹಳದಿ ಕಟ್ಟಡ ಅಲ್ಲೇ ಯಾಕೆ ಇದೆ ಎಂದು ನಿನಗೆ ಯಾರೂ ಹೇಳಿರಲಾರರು. ಅದನ್ನು ಕಟ್ಟಿಸಿದ ಶ್ರೀಮಂತರ ತಾಯಿಗೆ ಮುಪ್ಪಿನಲ್ಲಿ ಕಿವಿ ಹೋಗಿತ್ತು, ಮತ್ತು ಅವರ ಖಾಲಿ ಹೊಲ ಅಲ್ಲಿತ್ತು. ಗೋಡೆಗೆ ತೂಗುಹಾಕಿದ ಫಲಕದಲ್ಲಿ ‘ಮನುಕುಲದ ಸೇವೆ’ ಎಂದೆಲ್ಲ ಬರೆದಿದ್ದಾರೆ. ಅದನ್ನು ನಂಬಿದರೆ ನಷ್ಟವೇನಿಲ್ಲ.

ನಾನು ಚಿಕ್ಕೇರೂರಿನ ಒಕ್ಕಲುತನದ ಮನೆಯವನು. ನಮ್ಮಲ್ಲಿ ಇಲಿ ಎಂದರೆ ಗೋವಿನಜೋಳದ ಚೀಲ ಕಡಿಯುವ ಪೀಡೆ. ನೌಕರಿ ಸಿಕ್ಕಿತೆಂದು ಊರಿಗೆ ಹೋಗಿ ಹೇಳಿದಾಗ ಅವ್ವ ಕೇಳಿದಳು: “ಇಲಿ ಹಿಡಿಯೂ ಕೆಲಸೇನೋ?”

“ಹಿಡಿಯೂದಲ್ಲಬೇ, ಸಾಕೂದು.”

“ಸಾಕಿ ಏನ್ ಮಾಡ್ತೀರಿ?”

“ಮುದುಕ ಮಾಡ್ತೇವಿ.”

ಅವ್ವ ಮೊರದಲ್ಲಿನ ಕಾಳು ಕೇರುವುದನ್ನು ನಿಲ್ಲಿಸಿದಳು. “ಅದಕ್ಕ ಪಗಾರ ಕೊಡ್ತಾರಾ? ಮುದುಕ ಆಗೂದು ತಾನ ಆಗತೈತೆಲ್ಲೋ ಬಸು. ನಿಮ್ಮಪ್ಪಗ ಯಾರ್ ಕೊಟ್ರು ಪಗಾರ?”

ಆಮೇಲೆ ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಕೇಂದ್ರದಲ್ಲಿ ಏನೇನೋ ಪ್ರಶ್ನೆ ಕೇಳಿದ್ದಾರೆ. ಅವ್ವ ಕೇಳಿದ್ದಕ್ಕಿಂತ ಕಷ್ಟದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಹೆಣ್ಣು ನೋಡಲು ಹಾನಗಲ್ಲಿಗೆ ಬಂದಾಗಲೂ ಇದೇ ಪಾಡು. ಗಿರಿಜಾಳ ಕಾಕಾ ಚಹಾದ ಬಸಿ ಕೆಳಗಿಟ್ಟು, “ನೌಕರಿ ಏನ್ರಿ?” ಎಂದರು. “ಇಲಿ ಕಿವಿ ಪರೀಕ್ಷಾ ಮಾಡ್ತೇನ್ರಿ” ಎಂದೆ. ಪಡಸಾಲೆಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. “ಸರಕಾರಿ ಏನ್ರಿ?” “ಅಲ್ರಿ, ಖಾಸಗಿ.” ಕಾಕಾ ನಿಟ್ಟುಸಿರು ಬಿಟ್ಟರು. “ಹೋಗ್ಲಿ ಬಿಡ್ರಿ. ಇಲೀನರ ಸರಕಾರದ್ದು ಇದ್ದಿದ್ರ ಒಂದ್ ಮಾತು.”

ಆಗ ಒಳಗಿನ ಬಾಗಿಲ ಹಿಂದೆ ಯಾರೋ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಯಾರಿಗೂ ಕೇಳಿಸದ ಆ ನಗು ನನಗೆ ಕೇಳಿಸಿತು. ಕಿವಿ ಅಷ್ಟು ಚುರುಕಿತ್ತು. ಹುಡುಗಿ ಹೊರಗೆ ಬಂದು ಕೂರುವ ಮೊದಲೇ, ಆ ನಗುವಿಗೇ ನಾನು ಒಪ್ಪಿಬಿಟ್ಟಿದ್ದೆ.

ಇನ್ನು ಇಲಿಯೇ ಯಾಕೆ ಎಂಬ ಮಾತು. ಮನುಷ್ಯ ಮುದುಕನಾಗಲು ಜೀವಮಾನ ಬೇಕು. ಅಷ್ಟು ಹೊತ್ತು ಕಾಯಲು ಸಂಶೋಧಕನಿಗೆ ಪುರುಸೊತ್ತಿಲ್ಲ, ಅನುದಾನ ಕೊಡುವವರಿಗೆ ತಾಳ್ಮೆಯೂ ಇಲ್ಲ. ಇಲಿ ಎರಡು ವರ್ಷದಲ್ಲಿ ಅಜ್ಜ ಆಗುತ್ತದೆ. ಅದರ ಒಳಗಿವಿ ನಮ್ಮದರ ಹಾಗೇ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿದೆ, ಅಷ್ಟಾದರೂ ಜೋಳದ ಕಾಳಿಗಿಂತ ಚಿಕ್ಕದು. ಆ ಸುರುಳಿಯ ಉದ್ದಕ್ಕೂ ಸಣ್ಣ ಕೂದಲಿನಂಥ ತುದಿಯುಳ್ಳ ಜೀವಕೋಶಗಳು ಸಾಲಾಗಿ ನಿಂತಿವೆ. ಸದ್ದು ಬಂದಾಗ ಅವು ಅಲುಗುತ್ತವೆ, ನರಕ್ಕೆ ಸುದ್ದಿ ಮುಟ್ಟಿಸುತ್ತವೆ. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಸದ್ದು ಒಳಬರುವ ಮುಂಬಾಗಿಲಿನ ಬಳಿ ಇರುವವೇ ಮೊದಲು ಸಾಯುತ್ತವೆ. ಲಗ್ನದ ಮನೆಯಲ್ಲಿ ಬಾಗಿಲ ಹತ್ತಿರ ಬಿಟ್ಟ ಚಪ್ಪಲಿ ಮೊದಲು ಕಳುವಾಗುವ ಹಾಗೆ. ಆ ಬಾಗಿಲ ಬಳಿಯವು ಹಿಡಿಯುವುದು ಕೀರಲು, ಸಣ್ಣ ಸದ್ದುಗಳನ್ನು. ಅದಕ್ಕೇ ಮುದುಕರಿಗೆ ಗುಡುಗು ಕೇಳಿಸುತ್ತದೆ, ಬಳೆಯ ಸದ್ದು ಕೇಳಿಸುವುದಿಲ್ಲ.

ನಮ್ಮಲ್ಲಿ ಎರಡು ತಳಿ ಇದ್ದವು. ಕರಿ ಇಲಿಗಳಿಗೆ ಹರೆಯದಲ್ಲೇ ಕಿವಿ ಮಂದವಾಗತೊಡಗುತ್ತದೆ. ಕಂದು ಇಲಿಗಳಿಗೆ ಮುಪ್ಪಿನವರೆಗೂ ಚೆನ್ನಾಗಿ ಕೇಳಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದರಲ್ಲಿ ಏನು ಕೆಟ್ಟಿತು, ಇನ್ನೊಂದರಲ್ಲಿ ಏನು ಉಳಿಯಿತು ಎಂದು ನೋಡುವುದೇ ನಮ್ಮ ಉದ್ಯೋಗ. ಇಲಿಗೆ ಮತ್ತಿನ ಔಷಧ ಕೊಟ್ಟು, ಬೆಚ್ಚನೆಯ ಹಾಸಿನ ಮೇಲೆ ಮಲಗಿಸಿ, ನೆತ್ತಿಯ ಚರ್ಮಕ್ಕೊಂದು, ಕಿವಿಯ ಕೆಳಗೊಂದು, ಬಾಲದ ಹತ್ತಿರ ಒಂದು ಸೂಜಿ ಸಿಕ್ಕಿಸಿ, ಟಿಕ್ ಟಿಕ್ ಸದ್ದು ಕೇಳಿಸುವುದು. ಕಿವಿಯಿಂದ ಮಿದುಳಿಗೆ ಸುದ್ದಿ ಹೋದರೆ ಪರದೆಯ ಮೇಲೆ ಅಲೆ ಏಳುತ್ತದೆ. ಸದ್ದು ಇಳಿಸುತ್ತಾ ಹೋಗುವುದು. ಅಲೆ ಎಲ್ಲಿ ಮಾಯವಾಯಿತೋ ಅಲ್ಲಿಗೆ ಆ ಇಲಿಯ ಕಿವಿ ಮುಗಿಯಿತು.

ನಮ್ಮ ಮೇಲಧಿಕಾರಿ ವಾದಿರಾಜ ಸರ್. ಸವಣೂರಿನ ಆಚಾರ್ಯರ ಮನೆತನ. ಅವರ ಅಜ್ಜ ವೇದಾಂತಕ್ಕೆ ವ್ಯಾಖ್ಯಾನ ಬರೆದರೆ ಮೊಮ್ಮಗ ಇಲಿಯ ಕಿವಿಗೆ ಬರೆದರು. ಎರಡನ್ನೂ ಓದಿದವರ ಸಂಖ್ಯೆ ಹೆಚ್ಚು ಕಡಿಮೆ ಒಂದೇ ಎಂದು ಅವರೇ ನಗುತ್ತಿದ್ದರು. ಅವರ ಸೊಂಟದಲ್ಲಿ ಹಳೆಯ ವಾಡೆಯಂಥ ದೊಡ್ಡ ಮನೆಯ ಕೀಲಿಕೈಗಳ ಗೊಂಚಲೊಂದು ಸದಾ ತೂಗಾಡುತ್ತಿತ್ತು. ಹಿತ್ತಾಳೆಯವು, ಕಬ್ಬಿಣದವು, ಒಂದೊಂದೂ ಬೆರಳುದ್ದ. ಅಲುಗಿಸಿದರೆ ಅದರಿಂದ ಎಂಥ ಕೀರಲು ಸದ್ದು ಬರುತ್ತಿತ್ತೆಂದರೆ ಇಲಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿರಲಿಲ್ಲ. ಸೂಜಿ ಚುಚ್ಚುವ ಮೊದಲು ಪ್ರತಿ ಇಲಿಯ ಬೆನ್ನ ಹಿಂದೆ ಗೊಂಚಲನ್ನು ಒಮ್ಮೆ ಝಣ್ ಎನಿಸಬೇಕು. ಕೇಳಿಸುವ ಇಲಿ ತಟ್ಟನೆ ಕಿವಿ ಅಲುಗಿಸುತ್ತದೆ.

ಇದಕ್ಕೊಂದು ಕಟ್ಟುನಿಟ್ಟು ಇತ್ತು. ಕೈಯ ನೆರಳು ಇಲಿಯ ಮುಂದೆ ಬೀಳಬಾರದು. ಬಿದ್ದರೆ ಕಿವುಡು ಇಲಿಯೂ ನೆರಳು ಕಂಡು ಬೆಚ್ಚುತ್ತದೆ, ನಾವು ಅದನ್ನು ಪಾಸು ಮಾಡುತ್ತೇವೆ. ಹೊಸಬರು ತಿನ್ನುವ ಮೊದಲ ಬೈಗುಳ ಇದೇ. “ಕಣ್ಣಿನ ಪರೀಕ್ಷಾ ಮಾಡ್ಲಿಕ್ಕೆ ಹತ್ತೀರೋ, ಕಿವೀದೋ?” ಎಂದು ಸರ್ ಗುಡುಗುತ್ತಿದ್ದರು. “ನೆರಳಿಗೆ ಹೊಳ್ಳಿ ನೋಡಿದ ಇಲಿ ಲೆಕ್ಕಕ್ಕಿಲ್ಲ. ಮತ್ತೊಮ್ಮೆ ಮಾಡು!”

ಗೊಂಚಲಿನ ಇನ್ನೊಂದು ಉಪಯೋಗವನ್ನು ಹೊರಗಿನವರಿಗೆ ಹೇಳುತ್ತಿರಲಿಲ್ಲ. ಸಂದರ್ಶನಕ್ಕೆ ಬಂದ ಪ್ರತಿಯೊಬ್ಬರ ಬೆನ್ನ ಹಿಂದೆಯೂ ಸರ್ ನೀರು ಕುಡಿಯುವ ನೆವದಲ್ಲಿ ಎದ್ದು ಹೋಗಿ ಅದನ್ನು ಝಣ್ ಎನಿಸುತ್ತಿದ್ದರು. ತಿರುಗಿ ನೋಡಿದರೆ ನೌಕರಿ. ನಾನು ಎಂಥ ಜೋರಾಗಿ ತಿರುಗಿದೆನೆಂದರೆ ಕುರ್ಚಿಯ ಎಡಗಾಲು ಮುರಿಯಿತು. ಅದನ್ನು ರಿಪೇರಿ ಮಾಡಿಸಿ ನನಗೇ ಕೊಟ್ಟರು. ಚೈತ್ರಾ, ನೀನು ಈಗ ಕೂತಿರುವುದು ಅದರ ಮೇಲೇ.

ಮೊದಮೊದಲಿನ ದಿನಗಳಲ್ಲಿ ಕೇಂದ್ರದಲ್ಲಿ ಒಂದು ಪವಾಡ ನಡೆಯಿತು. ಮಧ್ಯಾಹ್ನದ ಮೇಲೆ ಪರೀಕ್ಷಿಸಿದ ಇಲಿಗಳಿಗೆಲ್ಲ ಅದ್ಭುತವಾಗಿ ಕಿವಿ ಕೇಳಿಸತೊಡಗಿತು. ಮುದಿ ಕರಿ ಇಲಿಗಳಿಗೂ ಅಲೆಯೋ ಅಲೆ. ಸದ್ದನ್ನು ಎಷ್ಟು ಇಳಿಸಿದರೂ ಅಲೆ ಇಳಿಯದು. ನಾವೆಲ್ಲ ಪರದೆಯ ಸುತ್ತ ನಿಂತು ಕುಣಿಯುವುದೊಂದು ಬಾಕಿ. ಆಗ ಸರ್ ಇಲಿಯನ್ನು ಮುಟ್ಟಿ ನೋಡಿ, “ಇದು ಸತ್ತು ಭಾಳ ಹೊತ್ತಾಗ್ಯದಲ್ಲೋ!” ಎಂದರು. ಹಾಸು ಬಿಸಿಯಾಗುವುದನ್ನು ನಿಲ್ಲಿಸಿತ್ತು, ಇಲಿ ಥಂಡಿ ಹಿಡಿದು ಹೋಗಿಬಿಟ್ಟಿತ್ತು. ಸತ್ತ ಮೇಲೂ ಅದಕ್ಕೆ ಸೊಗಸಾಗಿ ಕೇಳಿಸುತ್ತಿತ್ತು. ಆಮೇಲೆ ಗೊತ್ತಾಯಿತು, ಪಕ್ಕದ ಹಿಟ್ಟಿನ ಗಿರಣಿಗೂ ನಮಗೂ ಒಂದೇ ಕರೆಂಟಿನ ಲೈನು. ಮಧ್ಯಾಹ್ನ ಗಿರಣಿ ಶುರುವಾದೊಡನೆ ಅದರ ಗಡಗಡ ನಮ್ಮ ಪರದೆಯ ಮೇಲೆ ಅಲೆಯಾಗಿ ಏಳುತ್ತಿತ್ತು. ಶಿಗ್ಗಾವಿಯ ಮಂದಿ ಜೋಳ ಬೀಸಿಕೊಂಡು ಹೋದದ್ದನ್ನು ನಾವು ಇಲಿಯ ಮಿದುಳು ಎಂದು ಓದಿದ್ದೆವು. ಪರದೆಯ ಮೇಲೆ ಚೆಂದ ಕಂಡದ್ದನ್ನೆಲ್ಲ ನಂಬಬೇಡ, ಮೊದಲು ಇಲಿ ಉಸಿರಾಡುತ್ತಿದೆಯೋ ನೋಡು.

ಇಲಿಗಳಿಗೆ ನಾವು ದೇವರಲ್ಲ, ಯಮ. ಇದನ್ನು ಮರೆಯದಂತೆ ಅವ್ವ ನೋಡಿಕೊಂಡಳು. ನಮ್ಮ ಕಡೆ ಗಣಪತಿ ಹಬ್ಬದ ಮರುದಿನ ಇಲಿಗೂ ಪೂಜೆ ಇದೆ, ಇಲಿ ವಾರ ಅನ್ನುತ್ತಾರೆ. ಅವ್ವ ಆ ದಿನ ಚಿಕ್ಕೇರೂರಿನಿಂದ ಯಾರ ಕೈಯಲ್ಲಾದರೂ ಕಡಬು ಕಳಿಸುತ್ತಿದ್ದಳು, ಜೊತೆಗೊಂದು ಮಾತು: “ಇವತ್ತೊಂದಿನರ ಅವಕ್ಕ ಸೂಜಿ ಚುಚ್ಚಬ್ಯಾಡ್ರಿ.” ಸರ್ ತಕ್ಷಣ ಒಪ್ಪಿದರು. ಅಂದಿನಿಂದ ಇಲಿ ವಾರಕ್ಕೆ ಪರೀಕ್ಷೆ ಇಲ್ಲ. ಪಂಜರದ ಆಹಾರದ ನಿಯಮ ಮೀರಬಾರದೆಂದು ಕಡಬನ್ನು ಇಲಿಗಳಿಗೆ ತೋರಿಸಿ ನಾವೇ ತಿನ್ನುತ್ತಿದ್ದೆವು. ನೈವೇದ್ಯ ಎಂದರೂ ಅದೇ ತಾನೆ.

ಈಗ ನಮ್ಮ ದೊಡ್ಡ ಮಾನಹಾನಿಯ ಕತೆ. ಕಾಳಿನ ವಾಸನೆಗೆ ಹೊರಗಿನ ಹೊಲದ ಇಲಿಗಳು ಕೇಂದ್ರದ ಉಗ್ರಾಣಕ್ಕೆ ನುಗ್ಗತೊಡಗಿದವು. ಒಳಗೆ ಸಂಬಳದ ಇಲಿ, ಹೊರಗೆ ಪುಕ್ಕಟೆ ಇಲಿ. ಆಡಳಿತ ನೋಡುತ್ತಿದ್ದ ಪಾಟೀಲ ಸಾಹೇಬರು ಹುಬ್ಬಳ್ಳಿಯಿಂದ ಒಂದು ಡಬ್ಬಿ ತಂದು ಉಗ್ರಾಣದ ಗೋಡೆಗೆ ಬಡಿಸಿದರು. ಮನುಷ್ಯರಿಗೆ ಕೇಳಿಸದ, ಇಲಿಗಳಿಗೆ ಮಾತ್ರ ಕೇಳಿಸುವ ಸದ್ದು ಮಾಡಿ ಅವನ್ನು ಓಡಿಸುವ ಯಂತ್ರವಂತೆ. ನಮಗಂತೂ ಏನೂ ಕೇಳಿಸಲಿಲ್ಲ. “ನೋಡ್ರಿ, ಎಷ್ಟ್ ಶಾಂತ ಕೆಲಸ ಮಾಡತೈತಿ!” ಎಂದು ಸಾಹೇಬರು ಹೆಮ್ಮೆಪಟ್ಟರು. ಯಂತ್ರದ ಎದುರಿಗೇ ಒಂದು ಕಿಂಡಿ, ಕಿಂಡಿಯಾಚೆ ನಮ್ಮ ಕಂದು ಇಲಿಗಳ ಪಂಜರ. ಇಲಿಯ ಕಿವಿ ಕುರಿತು ಪದವಿ ಪಡೆದ ಅಷ್ಟು ಜನ ಆ ಯಂತ್ರದ ಕೆಳಗೆ ದಿನಾ ಓಡಾಡಿದೆವು. ಇಲಿಗೆ ಕೇಳಿಸುವ ಸದ್ದು ನಮ್ಮ ಇಲಿಗೂ ಕೇಳಿಸುತ್ತದೆ ಎಂದು ಒಬ್ಬರ ತಲೆಗೂ ಹೊಳೆಯಲಿಲ್ಲ.

ಕೆಲ ತಿಂಗಳಲ್ಲಿ ಮುಪ್ಪಿನವರೆಗೂ ಕೇಳಿಸಬೇಕಾದ ಕಂದು ಇಲಿಗಳು ಒಂದೊಂದಾಗಿ ಕಿವುಡಾದವು. ಗೊಂಚಲು ಅಲುಗಿಸಿದರೆ ಕಿವಿ ಅಲುಗಿಸದೆ ಕಾಳು ಮೆಲ್ಲುತ್ತಾ ಕೂತವು. ನಮಗೆ ದುಃಖವಾಗಬೇಕಿತ್ತು, ಆದರೆ ಸಂಭ್ರಮವಾಯಿತು. ಹೊಸ ಶೋಧ! ನಮ್ಮ ಹವೆಯಲ್ಲಿ ಒಳ್ಳೆಯ ಕಿವಿಯೂ ಬೇಗ ಮುಪ್ಪಾಗುತ್ತದೆ ಎಂದು ಸರ್ ಧಾರವಾಡದ ಸಭೆಯೊಂದರಲ್ಲಿ ಹೇಳಿಯೂ ಬಂದರು. ಬ್ಯಾಡಗಿ ಮೆಣಸಿನಕಾಯಿಯ ಘಾಟು ಕಾರಣವಿರಬಹುದು ಎಂದು ನಾನೊಂದು ಸಿದ್ಧಾಂತ ಹೂಡಿದ್ದೆ.

ಆ ಹೊತ್ತಿಗೆ ಸವಣೂರಿನ ನಸೀಮಾ ಸಂಶೋಧನೆಗೆ ಸೇರಿದಳು. ತಾಯಿಯಿಂದ ಬೇರೆ ಮಾಡಿದ ಇಲಿಮರಿಗಳು ನಮಗೆ ಕೇಳಿಸದ ದನಿಯಲ್ಲಿ ಕೂಗುತ್ತವೆ. ಅದನ್ನು ಹಿಡಿಯುವ ಮೈಕು ಅವಳ ಬಳಿ ಇತ್ತು. ಮೊದಲ ದಿನವೇ ಮೈಕು ಕೆಟ್ಟಿದೆ ಅಂದುಕೊಂಡಳು. ಇನ್ನೊಂದು ತಂದಳು. ಆಮೇಲೆ ಸರ್ ಕೋಣೆಗೆ ಬಂದು, “ಸರ್, ನಿಮ್ಮ ಇಲಿ ಕ್ವಾಣ್ಯಾಗ ಯಾರೋ ಎಡಬಿಡದ ಸೀಟಿ ಹೊಡ್ಯಾಕತ್ತಾರ್ರಿ” ಎಂದಳು.

ಎಲ್ಲರೂ ಓಡಿದೆವು. ಮೈಕು ಪರದೆಯ ಮೇಲೆ ಬರೆಯುತ್ತಿದ್ದ ಗೆರೆ ನಮ್ಮನ್ನು ಕಿಂಡಿಗೆ, ಕಿಂಡಿಯಿಂದ ಪಾಟೀಲ ಸಾಹೇಬರ ಡಬ್ಬಿಗೆ ಕರೆದೊಯ್ದಿತು. ಸಾಹೇಬರು ಒಪ್ಪಲಿಲ್ಲ. “ಇಷ್ಟ್ ದಿನ ಯಾರಿಗೂ ಏನೂ ಕೇಳಿಸಿಲ್ಲಲ್ರಿ!”

ಸರ್ ಯಂತ್ರದ ವಾಯರು ಕಿತ್ತರು. “ನಮಗ ಕೇಳಿಸಲಿಲ್ಲಂದ್ರ ಸದ್ದ ಇಲ್ಲಂತ ಅಲ್ಲ, ಸಾಹೇಬ್ರ,” ಎಂದರು.

ಯಂತ್ರವನ್ನು ಗೋಡೆಯಿಂದ ಇಳಿಸಿದಾಗ ಅದರ ಹಿಂದೆ ಹೊಲದ ಇಲಿಯೊಂದು ಗೂಡು ಕಟ್ಟಿ ಮರಿ ಹಾಕಿತ್ತು. ಓಡಿಸುವುದಕ್ಕೆ ತಂದ ಯಂತ್ರ ಬಾಣಂತಿಗೆ ಬೆಚ್ಚಗೆ ಆಗಿತ್ತು. ಪಾಟೀಲ ಸಾಹೇಬರು ಆ ದಿನ ಮಧ್ಯಾಹ್ನವೇ ಮನೆಗೆ ಹೋದರು. ಸರ್ ಮಾತ್ರ ಕೂತು, ಧಾರವಾಡದ ಸಭೆಗೆ ಬಂದವರೆಲ್ಲರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ, “ನಾ ಹೇಳಿದ್ದು ತಪ್ಪು, ನಮ್ಮ ಇಲಿಗಳನ್ನ ನಾವ ಕಿವುಡ ಮಾಡಿದ್ವಿ” ಎಂದರು. ಅಷ್ಟು ದೊಡ್ಡ ಮನುಷ್ಯ ಹಾಗೆ ಹೇಳುವುದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಅವತ್ತು ಅವರ ಮೇಲೆ ಹುಟ್ಟಿದ ಗೌರವ ಇನ್ನೂ ಹಾಗೇ ಇದೆ.

ಕೆಲಸದ ರೀತಿ ಎಷ್ಟು ಬದಲಾಯಿತು ಎಂದು ಹೇಳಿದರೆ ನೀನು ನಗುತ್ತೀಯ. ಮೊದಲೆಲ್ಲ ಸತ್ತ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಎಣಿಸುತ್ತಿದ್ದೆವು. ನಡುವೆ ಯಾರಾದರೂ ಚಹಾಕ್ಕೆ ಕರೆದರೆ ಮತ್ತೆ ಮೊದಲಿನಿಂದ. ಈಗ ಕಂಪ್ಯೂಟರು ಎಣಿಸುತ್ತದೆ, ಚಹಾ ಕುಡಿಯುವುದಿಲ್ಲ. ತಿಳುವಳಿಕೆಯೂ ಬದಲಾಯಿತು. ಕೋಶ ಸತ್ತರೆ ಮಾತ್ರ ಕಿವಿ ಹೋಗುತ್ತದೆ ಎಂದು ನಾವು ನಂಬಿದ್ದೆವು. ಅದಕ್ಕೂ ಬಹಳ ಮೊದಲೇ ಕೋಶಕ್ಕೂ ನರಕ್ಕೂ ನಡುವಿನ ಜೋಡಣೆ ಸದ್ದಿಲ್ಲದೆ ಕಳಚುತ್ತದೆಂದು ಆಮೇಲೆ ಗೊತ್ತಾಯಿತು. ಅಂಥ ಇಲಿ ನಿಶ್ಶಬ್ದ ಕೋಣೆಯ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅಂಥ ಮನುಷ್ಯನೂ ಹಾಗೇ. ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಅವನು ‘ನನ್ನ ಕಿವಿ ಚೆನ್ನಾಗಿದೆ, ಜನ ಸ್ಪಷ್ಟ ಮಾತಾಡುವುದಿಲ್ಲ’ ಅನ್ನುತ್ತಾನೆ.

ಸರ್ ಹಾಗೇ ಅನ್ನತೊಡಗಿದ್ದರು. ನೌಕರಿಯ ಕೊನೆಯ ವರ್ಷಗಳಲ್ಲಿ ಸಭೆಯಲ್ಲಿ ಯಾರು ಏನು ಕೇಳಿದರೂ ಬೇರೆಯದಕ್ಕೇ ಉತ್ತರ ಕೊಡುತ್ತಿದ್ದರು. ಗೊಂಚಲು ಅಲುಗಿಸಿ, ಇಲಿ ಕಿವಿ ಅಲುಗಿಸಿತೆಂದು ಕಣ್ಣಿನಿಂದ ನೋಡಿ ಬರೆಸುತ್ತಿದ್ದರು. ಗೊಂಚಲಿನ ಸದ್ದು ಅವರಿಗೆ ಕೇಳಿಸುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು. ನಾವು ಹಿಂದೆ ನಿಂತು ಮುಸಿಮುಸಿ ನಕ್ಕರೂ ಅವರು ತಿರುಗುತ್ತಿರಲಿಲ್ಲ. ಒಮ್ಮೆ ನಾನು ಧೈರ್ಯ ಮಾಡಿ, “ಸರ್, ಒಮ್ಮೆ ಕಿವಿ ತೋರಿಸ್ರಿ” ಎಂದೆ. ಸಿಟ್ಟಾದರು. “ಕಿವಿ ಬಗ್ಗೆ ನನಗ ಹೇಳ್ತಿಯೇನಪಾ?”

ಅವರು ನಿವೃತ್ತರಾದ ಮೇಲೆ ಸವಣೂರಿನ ಮನೆಗೆ ಹೋಗಿದ್ದೆ. ಅವರ ಹೆಂಡತಿ ಸುಧಾಬಾಯಿ ಖಾರ, ಚಹಾ ತಂದಿಟ್ಟರು. ಸರ್ ಎದುರಿಗೇ ಕೂತು ನಗುತ್ತಿದ್ದರು. ಸುಧಾಬಾಯಿ ದನಿ ತಗ್ಗಿಸದೆ, ಸಹಜವಾಗಿ, ಗಂಡನ ಎದುರಿಗೇ ಹೇಳತೊಡಗಿದರು: “ಮೊದಲ ಜಗಳಾಡ್ತಿದ್ವಿ, ಬಸವರಾಜ. ಆಮ್ಯಾಲೆ ಒದರ್ತಿದ್ದೆ. ಒದರಿದ್ರ ಓಣಿ ಮಂದಿ ನನ್ನ ಜಗಳಗಂಟಿ ಅಂತಾರ. ಹಿಂಗಾಗಿ ಒಂದೊಂದ ಮಾತು ಬಿಟ್ಕೋತ ಬಂದೆ. ಮೊದಲ ಓಣಿ ಸುದ್ದಿ ಬಿಟ್ಟೆ. ಆಮ್ಯಾಲೆ ತೌರುಮನಿ ಸುದ್ದಿ. ಈಗ ಉಳದದ್ದು ‘ಊಟಕ್ಕ ಬರ್ರಿ’, ‘ಗುಳಿಗಿ ತೊಗೋರ್ರಿ’. ಅಷ್ಟ.”

ಸರ್ ನನ್ನ ಕಡೆ ಬಾಗಿ, ಖುಷಿಯಿಂದ ಹೇಳಿದರು: “ನೋಡಪಾ, ನಮ್ಮಾಕಿ ಈಗ ಭಾಳ ಶಾಂತ ಆಗ್ಯಾಳ. ವಯಸ್ಸಾದಂಗ ಹೆಣ್ಣಮಕ್ಕಳು ಮಾತು ಕಡಿಮಿ ಮಾಡ್ತಾರ.”

ಸುಧಾಬಾಯಿ ಖಾಲಿ ಬಸಿಗಳನ್ನು ಎತ್ತಿಕೊಂಡು ಒಳಗೆ ಹೋದರು. ಹೊರಡುವಾಗ ಸರ್ ಕೀಲಿಕೈ ಗೊಂಚಲನ್ನು ನನ್ನ ಕೈಗಿಟ್ಟರು. ಮನೆಗೆ ಹೊಸ ಬಾಗಿಲು ಹಾಕಿಸಿದ್ದರು; ಆ ಕೀಲಿಕೈಗಳು ಯಾವ ಬೀಗಕ್ಕೂ ಹತ್ತುತ್ತಿರಲಿಲ್ಲ. ನಾನು ಅದನ್ನು ಹಾನಗಲ್ಲಿನ ನಮ್ಮ ಪಡಸಾಲೆಯ ಮೊಳೆಗೆ ತೂಗುಹಾಕಿದ್ದೇನೆ.

ಇಷ್ಟು ಬರೆದವನು ನಿನ್ನೆ ಸಂಜೆ ಪೆನ್ನು ಇಟ್ಟು ಎದ್ದೆ. ಮುಂದೆ ಏನು ಬರೆಯಬೇಕೋ ತೋಚಲಿಲ್ಲ. ಹಾಳೆಗಳು ಮೇಜಿನ ಮೇಲೇ ಇದ್ದವು. ಗಿರಿಜಾ ಕನ್ನಡಕ ಹಾಕಿಕೊಂಡು ಅವನ್ನು ಓದುತ್ತಿದ್ದುದನ್ನು ನೋಡಿದೆ, ನಗಬೇಕಾದಲ್ಲಿ ನಗಲಿ ಎಂದು ಸುಮ್ಮನಾದೆ.

ಇವತ್ತು ಬೆಳಿಗ್ಗೆ ಬಾಗಿಲಿಗೆ ಬೆನ್ನು ಮಾಡಿ ಮತ್ತೆ ಬರೆಯಲು ಕೂತೆ. ಬಿಸಿಲು ಹೆಗಲ ಮೇಲಿಂದ ಹಾಳೆಯ ಮೇಲೆ ಬಿದ್ದಿತ್ತು. ಆ ಬಿಸಿಲಿನಲ್ಲಿ ಒಂದು ಕೈಯ ನೆರಳು ಬಂತು. ಕೈಯಿಂದ ಏನೋ ಜೋತುಬಿದ್ದಿತ್ತು. ಉದ್ದುದ್ದ ಬೆರಳಿನಂಥವು. ಕೈ ಅಲುಗಿತು. ಗೊಂಚಲು ಅಲುಗಿತು. ನಿಂತಿತು. ಮತ್ತೆ ಅಲುಗಿತು, ಈ ಸಲ ಜೋರಾಗಿ.

ನನಗೆ ಏನೂ ಕೇಳಿಸಲಿಲ್ಲ.

ತಿರುಗಿದ್ದರೆ ಪಾಸು. ಎಷ್ಟು ಹೊತ್ತಿನ ಕೆಲಸ? ‘ಏನದು ಸಪ್ಪಳ, ಬರಿಯಾಕ ಬಿಡ್ತಿಯೋ ಇಲ್ಲೋ’ ಎಂದು ಗದರಿದ್ದರೆ ಅವಳು ಇನ್ನೆಂದೂ ಈ ಮಾತೆತ್ತುತ್ತಿರಲಿಲ್ಲ. ಕತ್ತು ತಿರುಗಿಸಲು ಹೊರಟೂ ಇದ್ದೆ. ಆಗ ಸರ್ ಬೈದದ್ದು ನೆನಪಾಯಿತು. ನೆರಳಿಗೆ ಹೊಳ್ಳಿ ನೋಡಿದ ಇಲಿ ಲೆಕ್ಕಕ್ಕಿಲ್ಲ. ಗಿರಿಜಾ ಹೊಸಬಳು, ಪಾಪ, ನೆರಳು ಬೀಳದಂತೆ ನಿಲ್ಲಬೇಕೆಂದು ಓದಿಯೂ ಮರೆತಿದ್ದಳು. ನಾನು ಹೊಸಬನಲ್ಲ. ಹಾಳೆಯನ್ನೇ ನೋಡುತ್ತಾ ಕೂತೆ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ನೆರಳು ಇನ್ನೊಂದು ಸಲ ಅಲುಗಿ, ಮೆಲ್ಲಗೆ ಇಳಿದು, ಹೋಯಿತು.

ಅಡುಗೆಮನೆಗೆ ಹೋದೆ. ಅವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಗೊಂಚಲು ಕಟ್ಟೆಯ ಮೇಲಿತ್ತು. ಬೆನ್ನು ಹಾಕಿಕೊಂಡೇ ಅವಳು ಏನೋ ಅಂದಳು. ಇಷ್ಟು ದಿನ ಇಂಥದ್ದಕ್ಕೆಲ್ಲ ನಾನು ಹ್ಞೂಂ ಅನ್ನುತ್ತಿದ್ದೆ. ಈ ಸಲ ಅನ್ನಲಿಲ್ಲ.

“ನನಗ ಕೇಳಿಸಲಿಲ್ಲ,” ಎಂದೆ. “ಕೀಲಿಕೈನೂ ಕೇಳಿಸಲಿಲ್ಲ, ಗಿರಿಜಾ.”

ಅವಳು ಒಲೆ ಆರಿಸಿದಳು. ತಿರುಗಿ, ನನ್ನ ಎದುರಿಗೆ ಮಣೆ ಎಳೆದುಕೊಂಡು ಕೂತಳು. ಕಣ್ಣಲ್ಲಿ ನೀರಿತ್ತು. “ಹಂಗಾರ ಮೊದಲಿಂದ ಹೇಳ್ತೇನಿ, ಕೇಳ್ರಿ,” ಎಂದು ನಿಧಾನವಾಗಿ, ತುಟಿ ಕಾಣುವಂತೆ ಶುರುಮಾಡಿದಳು. “ಹೋದ ತಿಂಗಳು ಸವಣೂರಾಗ ನಮ್ಮಕ್ಕನ ಕಣ್ಣಿನ ಆಪರೇಶನ್ ಆತು. ಬರ್ರಿ, ಹೋಗೂಣು ಅಂತ ಎಷ್ಟ್ ಸಲ ಕರದೆ. ನೀವು ಹ್ಞೂಂ ಅಂದ್ರಿ, ಏಳಲಿಲ್ಲ. ಸಿಟ್ಟಿಗೆದ್ದು ಒಬ್ಬಾಕೀನ ಹೋಗಿಬಂದೆ. ಸಂಜಿಮುಂದ ಅಕ್ಕ ಕೊಟ್ಟ ಖಾರ ತಂದು ನಿಮ್ಮ ಮುಂದ ಇಟ್ರ, ‘ಹಾನಗಲ್ಲಾಗೂ ಸಿಗತೈತೇನ ಇದು?’ ಅಂತ ಕೇಳಿಕೋತ ತಿಂದ್ರಿ.”

“ಖಾರ ಭಾಳ ಚಲೋ ಇತ್ತು,” ಎಂದೆ.

ಗಿರಿಜಾ ನನ್ನ ಮುಖ ನೋಡಿದಳು. ಆಮೇಲೆ ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. ಭುಜ ಕುಲುಕುತ್ತಿತ್ತು. ಯಾವ ನಗುವಿಗೆ ನಾನು ಇದೇ ಊರಿನ ಅವಳ ತವರುಮನೆಯ ಪಡಸಾಲೆಯಲ್ಲಿ ಕೂತು ಮದುವೆಗೆ ಒಪ್ಪಿದ್ದೆನೋ ಆ ನಗು ಮೊಣಕಾಲಿನ ದೂರದಲ್ಲಿತ್ತು. ನನಗೆ ಅದು ಕಾಣಿಸಿತು. ಕೇಳಿಸಲಿಲ್ಲ.

ಎದ್ದು ಅಂಗಿ ಹಾಕಿಕೊಂಡೆ. “ಹುಬ್ಬಳ್ಳಿ ಬಸ್ಸು ಎಷ್ಟೊತ್ತಿಗೈತಿ?” ಎಂದು ಕೇಳಿದೆ. ಅವಳು ಹೇಳಿದಳು. ನಾನು “ಇನ್ನೊಮ್ಮೆ ಹೇಳು” ಎಂದೆ.